ಸ್ಪೇನ್ ನೋಡಲು ಅವಸರ ಬೇಡ

ಯೂರೋಪ್ ಪ್ರವಾಸದ ಜಾಹೀರಾತಿನಲ್ಲಿ ಊರುಗಳ ಪಟ್ಟಿ ಉದ್ದವಾದಷ್ಟೂ ಕೊಟ್ಟ ಹಣಕ್ಕೆ ಲಾಭ ಹೆಚ್ಚು ಎನಿಸುತ್ತದೆ. ಹತ್ತು ದಿನದಲ್ಲಿ ಎಂಟು ಊರು ಎಂದರೆ ಯಾರಿಗೆ ತಾನೇ ಆಸೆಯಾಗದು? ಆದರೆ ಒಂದು ಸಣ್ಣ ಲೆಕ್ಕ ಮಾಡಿದರೆ ಈ ಲಾಭದ ಬಣ್ಣ ಬಯಲಾಗುತ್ತದೆ. ಊರು ಬದಲಿಸುವುದೆಂದರೆ ಬಟ್ಟೆಬರೆ ಕಟ್ಟಬೇಕು, ಕೋಣೆ ಖಾಲಿ ಮಾಡಬೇಕು, ನಿಲ್ದಾಣ ತಲುಪಬೇಕು, ಪ್ರಯಾಣ ಮಾಡಬೇಕು, ಹೊಸ ಊರಿನಲ್ಲಿ ಹೋಟೆಲು ಹುಡುಕಬೇಕು. ಇದಿಷ್ಟಕ್ಕೆ ಐದು ಗಂಟೆಯಾದರೂ ಬೇಕು. ಎಂಟು ಊರಿಗೆ ಏಳು ಬದಲಾವಣೆ, ಅಂದರೆ 35 ಗಂಟೆ. ದಿನಕ್ಕೆ ಹತ್ತು ಗಂಟೆ ಊರು ನೋಡಬಹುದು ಎಂದಿಟ್ಟುಕೊಂಡರೆ ಹತ್ತು ದಿನಗಳಲ್ಲಿ ಮೂರೂವರೆ ದಿನ ಸಾಮಾನು ಹೊರುವುದರಲ್ಲೇ ಕಳೆದುಹೋಯಿತು!

ಮಕ್ಕಳು ಕಾಲೇಜು ಸೇರಿ ದೂರವಾಗುವ ಮುನ್ನ ಒಮ್ಮೆಯಾದರೂ ಹೊರದೇಶ ತೋರಿಸಬೇಕೆಂದು ವರ್ಷಗಟ್ಟಲೆ ಹಣ ಕೂಡಿಡುವ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಅಂಥವರಿಗೆ ಎರಡನೆಯ ಅವಕಾಶ ಸುಲಭವಾಗಿ ಒದಗುವುದಿಲ್ಲ. ಆದ್ದರಿಂದಲೇ ಸ್ಪೇನಿನಂಥ ದೇಶಕ್ಕೆ ಹೊರಡುವವರು ಯಾವ ಊರು ನೋಡಬೇಕು ಎಂಬುದಕ್ಕಿಂತ ಮೊದಲು ಯಾವ ಊರನ್ನು ಬಿಡಬೇಕು ಎಂದು ಯೋಚಿಸುವುದು ಒಳ್ಳೆಯದು.

ಗಡಿಯಾರದ ಗುಟ್ಟು

ಸ್ಪೇನಿಗೆ ಮೊದಲ ಬಾರಿ ಹೋದವರನ್ನು ಕಂಗೆಡಿಸುವುದು ಅಲ್ಲಿನ ಭಾಷೆಯಲ್ಲ, ಊಟದ ಹೊತ್ತು. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ. ರಾತ್ರಿಯ ಊಟ ಒಂಬತ್ತು, ಹತ್ತು ಗಂಟೆಗೆ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಿಜವಾದ ಕಾರಣದ ಒಂದು ಭಾಗ ಭೂಗೋಳದ ಪಾಠದಲ್ಲಿದೆ.

ಗ್ರೀನಿಚ್ ರೇಖಾಂಶ ಸ್ಪೇನಿನ ಪೂರ್ವ ಭಾಗವನ್ನು ಹಾದುಹೋಗುತ್ತದೆ. ದೇಶದ ಬಹುಭಾಗ ಅದರ ಪಶ್ಚಿಮಕ್ಕಿದೆ. ಹಾಗಾಗಿ ಅದು ಬ್ರಿಟನ್ನಿನ ಸಮಯವನ್ನೇ ಅನುಸರಿಸಬೇಕಿತ್ತು, 1940ರವರೆಗೆ ಅನುಸರಿಸುತ್ತಲೂ ಇತ್ತು. ಆ ವರ್ಷ ಫ್ರಾಂಕೋ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಹೊಂದಿಸಿತು. ಯುದ್ಧ ಮುಗಿದರೂ ಗಡಿಯಾರ ಹಿಂದಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ ಮತ್ತೂ ಒಂದು ಗಂಟೆ ಮುಂದೆ ಹಾಕುತ್ತಾರೆ. ಪರಿಣಾಮವಾಗಿ ಮೇ ತಿಂಗಳಲ್ಲಿ ಬೆಂಗಳೂರಿನ ಸೂರ್ಯ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ಅತಿ ಎತ್ತರಕ್ಕೆ ಬಂದರೆ, ಮ್ಯಾಡ್ರಿಡ್‌ನಲ್ಲಿ ಅದು ಆಗುವುದು 2 ಗಂಟೆ 10 ನಿಮಿಷದ ಸುಮಾರಿಗೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.45ರ ಮೇಲೆ.

ಇದನ್ನು ತಿಳಿದವರ ದಿನಚರಿ ತಾನಾಗಿ ಸಡಿಲಗೊಳ್ಳುತ್ತದೆ. ಬೆಳಿಗ್ಗೆ ಒಂದು ಮುಖ್ಯ ಸ್ಥಳ ನೋಡುವುದು, ಎರಡು ಗಂಟೆಗೆ ಊಟ, ಬಿಸಿಲು ಇಳಿಯುವವರೆಗೆ ಕೋಣೆಯಲ್ಲಿ ವಿಶ್ರಾಂತಿ, ಸಂಜೆ ಆರರಿಂದ ಒಂಬತ್ತರವರೆಗೆ ಬೀದಿ ಸುತ್ತಾಟ. ಆಗ ಅಜ್ಜ ಅಜ್ಜಿಯರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು, ಚೆಂಡಾಡುವ ಹುಡುಗರು ಎಲ್ಲರೂ ಚೌಕಗಳಲ್ಲಿ ಸೇರಿರುತ್ತಾರೆ. ದಿನಕ್ಕೆ ಟಿಕೆಟ್ಟಿನ ಸ್ಥಳ ಒಂದೇ ಸಾಕು. ಎರಡಾದರೆ ಮಕ್ಕಳ ಕಣ್ಣು ದಣಿಯುತ್ತದೆ, ಮೂರಾದರೆ ದೊಡ್ಡವರ ಕಾಲೂ ಸೋಲುತ್ತದೆ.

ನಾಲ್ಕು ಊರು, ಹನ್ನೆರಡು ರಾತ್ರಿ

ಮೊದಲ ಪ್ರವಾಸಕ್ಕೆ ಒಪ್ಪುವ ಹಂಚಿಕೆ ಹೀಗಿರಬಹುದು: ಮ್ಯಾಡ್ರಿಡ್‌ನಲ್ಲಿ ನಾಲ್ಕು ರಾತ್ರಿ, ಸೆವಿಲ್ಲೆಯಲ್ಲಿ ಮೂರು, ಗ್ರನಾಡಾದಲ್ಲಿ ಎರಡು, ಬಾರ್ಸಿಲೋನಾದಲ್ಲಿ ಮೂರು. ಸಾಮಾನು ಕಟ್ಟುವುದು ನಡುವೆ ಮೂರೇ ಸಲ. ವಿಮಾನದಲ್ಲಿ ಮ್ಯಾಡ್ರಿಡ್‌ಗೆ ಇಳಿದು ಬಾರ್ಸಿಲೋನಾದಿಂದ ಹೊರಡುವಂತೆ ಟಿಕೆಟ್ ಮಾಡಿಸಿದರೆ ಬಂದ ದಾರಿಯಲ್ಲೇ ಮರಳುವ ಶ್ರಮ ತಪ್ಪುತ್ತದೆ. ಟೊಲೆಡೊ, ಕೊರ್ಡೋಬಾಗಳನ್ನು ಬಿಡಬೇಕಿಲ್ಲ. ಮ್ಯಾಡ್ರಿಡ್‌ನಿಂದ ಟೊಲೆಡೊ ರೈಲಿನಲ್ಲಿ ಅರ್ಧ ಗಂಟೆ. ಸೆವಿಲ್ಲೆಯಿಂದ ಕೊರ್ಡೋಬಾ ಮುಕ್ಕಾಲು ಗಂಟೆ. ಕೈಬೀಸಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು.

ಇದು ಸಾಧ್ಯವಾಗಿರುವುದು ಅಲ್ಲಿನ ವೇಗದ ರೈಲಿನಿಂದ. 1992ರಲ್ಲಿ ಸೆವಿಲ್ಲೆಯ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ಮ್ಯಾಡ್ರಿಡ್–ಸೆವಿಲ್ಲೆ ಮಾರ್ಗ ತೆರೆಯಿತು. ಅದರ ಉದ್ದ 471 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ರೈಲು ದಾರಿ. ಪ್ರಯಾಣ ಎರಡೂವರೆ ಗಂಟೆಯ ಆಸುಪಾಸು. ಸ್ಪೇನಿನ ಹಳೆಯ ರೈಲು ಹಳಿಗಳ ನಡುವಿನ ಅಂತರ 1668 ಮಿಲಿಮೀಟರ್. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಂಟೇ ಮಿಲಿಮೀಟರ್ ವ್ಯತ್ಯಾಸ! ವೇಗದ ರೈಲಿಗೆ ಮಾತ್ರ ಯೂರೋಪಿನ ಇತರ ದೇಶಗಳಂತೆ 1435 ಮಿಲಿಮೀಟರ್ ಹಳಿ ಹಾಕಿದರು. ಎರಡೂ ಬಗೆಯ ಹಳಿಗಳ ಮೇಲೆ ಓಡಲು ಚಕ್ರಗಳ ಅಂತರವನ್ನು ಬದಲಿಸಿಕೊಳ್ಳುವ ರೈಲುಗಳೂ ಅಲ್ಲಿವೆ.

ಗ್ರನಾಡಾದಿಂದ ಬಾರ್ಸಿಲೋನಾ ಮಾತ್ರ ದೂರ. ರೈಲಿನಲ್ಲಿ ಆರು ಗಂಟೆಗೂ ಹೆಚ್ಚು ಬೇಕು. ಆ ದಿನ ಬೇರೇನೂ ಇಟ್ಟುಕೊಳ್ಳದೆ ಕಿಟಕಿಯ ಪಕ್ಕ ಕೂರುವುದು, ಇಲ್ಲವೇ ವಿಮಾನ ಹಿಡಿಯುವುದು. ಪ್ರಯಾಣದ ದಿನಾಂಕ ಹತ್ತಿರವಾದಂತೆ ಟಿಕೆಟ್ ದರ ಏರುವುದರಿಂದ ಮುಂಗಡ ಖರೀದಿಯೇ ಲೇಸು. ವೇಗದ ರೈಲು ಹತ್ತುವ ಮುನ್ನ ಸಾಮಾನು ತಪಾಸಣೆ ಇರುತ್ತದೆ. ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು.

ಊರಿಗೊಂದು ಪಾಠ

ಪ್ರತಿ ಊರಿನಲ್ಲೂ ಎಲ್ಲವನ್ನೂ ನೋಡುವ ಹಟ ಬಿಟ್ಟು, ಒಂದು ವಿಷಯವನ್ನು ಮನೆಯಲ್ಲೇ ಓದಿಕೊಂಡು ಹೋದರೆ ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಮ್ಯಾಡ್ರಿಡ್‌ನಲ್ಲಿ 1819ರಲ್ಲಿ ತೆರೆದ ಪ್ರಾಡೊ ಚಿತ್ರಶಾಲೆ ಇದೆ. ವೆಲಾಸ್ಕೆಸ್ 1656ರಲ್ಲಿ ರಚಿಸಿದ ‘ಲಾಸ್ ಮೆನಿನಾಸ್’ ಚಿತ್ರ ಅಲ್ಲಿನ ಮುಕುಟಮಣಿ. ಯುದ್ಧದ ಭೀಕರತೆಯನ್ನು ಸಾರುವ ಪಿಕಾಸೊನ ‘ಗೆರ್ನಿಕಾ’ ಇರುವುದು ಸಮೀಪದ ರೈನಾ ಸೋಫಿಯಾ ಸಂಗ್ರಹಾಲಯದಲ್ಲಿ. ಎರಡರಲ್ಲೂ 18 ತುಂಬದವರಿಗೆ ಪ್ರವೇಶ ಉಚಿತ; ವಯಸ್ಸಿನ ದಾಖಲೆ ಜೊತೆಗಿರಬೇಕು. ಎರಡಕ್ಕೂ ಒಂದೇ ದಿನ ಹೋಗುವುದು ಬೇಡ.

ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಇನ್ನೊಂದು ಸಂಗತಿ ಇದೆ. ಭಾರತದಲ್ಲಿ ಹುಟ್ಟಿದ ಅಂಕಿಗಳು ಅರಬರ ಮೂಲಕ ಪಶ್ಚಿಮ ಯೂರೋಪಿಗೆ ಹೊಕ್ಕ ಬಾಗಿಲು ಸ್ಪೇನ್. 976ರಲ್ಲಿ ಉತ್ತರ ಸ್ಪೇನಿನ ಮಠವೊಂದರಲ್ಲಿ ಬರೆದ ಹಸ್ತಪ್ರತಿಯಲ್ಲಿ ಒಂದರಿಂದ ಒಂಬತ್ತರವರೆಗಿನ ಈ ಅಂಕಿಗಳಿವೆ, ಸೊನ್ನೆ ಇಲ್ಲ. ಪಶ್ಚಿಮ ಯೂರೋಪಿನಲ್ಲಿ ಈ ಅಂಕಿಗಳಿಗೆ ಸಿಕ್ಕಿರುವ ಅತಿ ಹಳೆಯ ದಾಖಲೆ ಇದು. ಮ್ಯಾಡ್ರಿಡ್ ಹತ್ತಿರದ ಎಸ್ಕೋರಿಯಲ್ ಗ್ರಂಥಾಲಯದ ಸಂಗ್ರಹದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಟೊಲೆಡೊದಲ್ಲಿ ಕುಳಿತ ವಿದ್ವಾಂಸರು ಅರಬ್ಬಿಯ ಖಗೋಳ, ಗಣಿತ, ವೈದ್ಯ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದರು.

ಸೆವಿಲ್ಲೆಯ ಹಿರಾಲ್ಡಾ ಗೋಪುರ ಹನ್ನೆರಡನೆಯ ಶತಮಾನದಲ್ಲಿ ಮಸೀದಿಯ ಮಿನಾರಾಗಿ ಎದ್ದು, ಮುಂದೆ ಚರ್ಚಿನ ಗಂಟೆಗೋಪುರವಾಯಿತು. ಮೇಲೇರಲು ಮೆಟ್ಟಿಲುಗಳ ಬದಲು ಇಳಿಜಾರು ದಾರಿ ಇದೆ. ಇಳಿಜಾರು ಶ್ರಮವನ್ನು ಹೇಗೆ ಹಗುರಾಗಿಸುತ್ತದೆ ಎಂಬ ಪಾಠವನ್ನು ಇಲ್ಲಿ ಕಾಲುಗಳೇ ಕಲಿಯುತ್ತವೆ. ಕೊರ್ಡೋಬಾದ ಮಹಾ ಮಸೀದಿಯ ನಿರ್ಮಾಣ ಆರಂಭವಾದದ್ದು 785ರ ಸುಮಾರಿಗೆ. 850ಕ್ಕೂ ಹೆಚ್ಚು ಕಂಬಗಳ ಆ ಕಾಡಿನ ನಡುವೆ ಹದಿನಾರನೆಯ ಶತಮಾನದಲ್ಲಿ ಕೆಥೆಡ್ರಲ್ ಎದ್ದಿತು.

ಗ್ರನಾಡಾದ ಅಲ್‌ಹಂಬ್ರಾ ಅರಮನೆಯ ಹೆಂಚುಗಳಲ್ಲಿ ಸಮ್ಮಿತಿಯ ಪಾಠವೇ ಇದೆ. ಡಚ್ ಕಲಾವಿದ ಎಶರ್ 1922ರಲ್ಲೂ 1936ರಲ್ಲೂ ಇಲ್ಲಿಗೆ ಬಂದು ಈ ವಿನ್ಯಾಸಗಳನ್ನು ಅಭ್ಯಾಸ ಮಾಡಿದ. ಇಲ್ಲಿನ ನಾಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ನಮೂದಿಸಿದ ಹೊತ್ತಿಗೇ ಹೋಗಬೇಕು. ತಡವಾದರೆ ಪ್ರವೇಶವಿಲ್ಲ. ಟಿಕೆಟ್ ಬೇಗ ಮುಗಿಯುವುದರಿಂದ ಇಡೀ ಪ್ರವಾಸದ ದಿನಾಂಕಗಳನ್ನು ಇದರ ಸುತ್ತ ಹೊಂದಿಸುವುದೇ ಜಾಣತನ.

ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಕೆಲಸ ಶುರುವಾದದ್ದು 1882ರಲ್ಲಿ. ಮರು ವರ್ಷ ಹೊಣೆ ಹೊತ್ತ ಗೌಡಿ 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡ. ದಾರಗಳನ್ನು ತೂಗುಹಾಕಿ ಸಣ್ಣ ಚೀಲಗಳ ಭಾರ ಕೊಟ್ಟು, ಆ ಆಕಾರವನ್ನು ತಲೆಕೆಳಗು ಮಾಡಿ ಕಮಾನಿನ ರೂಪ ಕಂಡುಕೊಳ್ಳುವ ಉಪಾಯ ಅವನದು. ತೂಗುವ ದಾರದಲ್ಲಿ ಬರೀ ಎಳೆತ. ತಿರುಗಿಸಿದ ಕಮಾನಿನಲ್ಲಿ ಬರೀ ಒತ್ತಡ. ಕಲ್ಲು ಒತ್ತಡವನ್ನು ತಡೆಯಬಲ್ಲದು. ಮನೆಯಲ್ಲೇ ಒಂದು ಸರಪಳಿ ಹಿಡಿದು ಮಾಡಿ ನೋಡಬಹುದಾದ ಪ್ರಯೋಗವಿದು.

ಹೊಟ್ಟೆಪಾಡು, ಹವಾಮಾನ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಎಚ್ಚರವಿರಬೇಕು. ಟೊಮೇಟೊ ಉಜ್ಜಿದ ರೊಟ್ಟಿ, ಗಜ್ಪಾಚೊ ಎಂಬ ತಣ್ಣನೆಯ ಟೊಮೇಟೊ ಸಾರು, ಹುರಿದ ಆಲೂಗಡ್ಡೆ ಎಲ್ಲೆಡೆ ಸಿಗುತ್ತವೆ. ಆಲೂಗಡ್ಡೆಯ ‘ತೊರ್ತಿಯಾ’ದಲ್ಲಿ ಮೊಟ್ಟೆ ಇರುತ್ತದೆ. ತರಕಾರಿ ತಿನಿಸಿನ ಮೇಲೂ ಹಂದಿಮಾಂಸದ ಚೂರು ಉದುರಿಸುವ ರೂಢಿ ಇರುವುದರಿಂದ ‘ಸಿನ್ ಕಾರ್ನೆ, ಸಿನ್ ಹಮೋನ್’ (ಮಾಂಸ ಬೇಡ, ಹಂದಿಮಾಂಸ ಬೇಡ) ಎಂಬ ನಾಲ್ಕು ಪದ ಬಾಯಿಪಾಠವಾಗಿರಲಿ. ವಾರದ ದಿನಗಳಲ್ಲಿ ಮಧ್ಯಾಹ್ನ ನಿಗದಿತ ದರದ ಪೂರ್ಣ ಊಟ ಸಿಗುತ್ತದೆ. ಅದನ್ನೇ ಮುಖ್ಯ ಊಟವಾಗಿಸಿಕೊಂಡರೆ ಖರ್ಚು ತಗ್ಗುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಸೆವಿಲ್ಲೆ, ಕೊರ್ಡೋಬಾಗಳ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ಕರ್ನಾಟಕದ ಶಾಲೆಗಳ ರಜೆ ಬರುವ ಏಪ್ರಿಲ್–ಮೇ ಮತ್ತು ದಸರೆಯ ಕಾಲ ಅಲ್ಲಿ ಹಿತವಾದ ಹವೆಯ ಕಾಲ. ಆದರೆ ಈಸ್ಟರ್ ಹಿಂದಿನ ವಾರ ಮತ್ತು ಸೆವಿಲ್ಲೆಯ ವಸಂತ ಜಾತ್ರೆಯ ದಿನಗಳಲ್ಲಿ ಕೋಣೆ ಬಾಡಿಗೆ ಏರುತ್ತದೆ. ಆ ದಿನಾಂಕಗಳನ್ನು ಮೊದಲೇ ನೋಡಿಕೊಳ್ಳಬೇಕು.

ಹೊರಡುವ ಮುನ್ನ

ಸ್ಪೇನಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಅಲ್ಲಿಯವರೆಗೆ ಕಾಯದೆ ಎರಡು ಮೂರು ತಿಂಗಳ ಮೊದಲೇ ಮುಗಿಸುವುದು ಕ್ಷೇಮ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹಿಂತಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಬಾರ್ಸಿಲೋನಾ, ಮ್ಯಾಡ್ರಿಡ್‌ಗಳ ಮೆಟ್ರೊಗಳಲ್ಲಿ ಜೇಬುಗಳ್ಳರ ಕಾಟವಿದೆ. ಹಣ, ಪಾಸ್‌ಪೋರ್ಟ್‌ಗಳನ್ನು ಬಟ್ಟೆಯ ಒಳಗಿಟ್ಟುಕೊಳ್ಳಬೇಕು. ತುರ್ತು ಸಹಾಯಕ್ಕೆ ದೂರವಾಣಿ ಸಂಖ್ಯೆ 112.

ಇಷ್ಟೆಲ್ಲ ಬರೆದಿಟ್ಟ ವೇಳಾಪಟ್ಟಿಯಲ್ಲಿ ಪ್ರತಿ ಊರಿಗೂ ಒಂದು ಅರ್ಧ ದಿನವನ್ನು ಖಾಲಿ ಬಿಡಬೇಕು. ಅದನ್ನು ಹೇಗೆ ಕಳೆಯಬೇಕೆಂಬ ತೀರ್ಮಾನ ಮಕ್ಕಳಿಗೇ ಇರಲಿ. ಮ್ಯಾಡ್ರಿಡ್‌ನ ಪಾರ್ಕಿನಲ್ಲಿ ಒಂದು ಕೋಲು ನೆಟ್ಟು, ಒಂದೂವರೆ ಗಂಟೆಯಿಂದ ಎರಡೂ ಮುಕ್ಕಾಲರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತು ಮಾಡಿ, ಅದು ಅತಿ ಚಿಕ್ಕದಾಗುವ ಹೊತ್ತನ್ನು ಹಿಡಿಯಬಹುದು. 1940ರ ಒಂದು ಸರ್ಕಾರಿ ಆದೇಶ ಇಂದಿನ ಊಟದ ಹೊತ್ತನ್ನು ಹೇಗೆ ಬದಲಿಸಿದೆ ಎಂಬುದು ಆಗ ಹುಡುಗನಿಗೋ ಹುಡುಗಿಗೋ ಕಣ್ಣೆದುರೇ ಕಾಣುತ್ತದೆ. ಅಪ್ಪ ಅಮ್ಮ ಅಷ್ಟು ಹೊತ್ತು ಮರದ ಕೆಳಗೆ ಕುಳಿತಿರಬಹುದು. ಈ ಪ್ರಯೋಗಕ್ಕೆ ಟಿಕೆಟ್ ಬೇಕಿಲ್ಲ, ಬಿಡುವು ಮಾತ್ರ ಬೇಕು.