ಹಲ್ಲು ಹೇಳಿದ ತವರು

ಜರ್ಮನಿಯ ಮಾಗ್ಡೆಬುರ್ಗ್ ಕೆಥೆಡ್ರಲ್‌ನಲ್ಲಿ ರಾಣಿ ಎಡಿತ್‌ಳ ಹೆಸರಿನ ಕಲ್ಲಿನ ಸಮಾಧಿಯೊಂದಿದೆ. ಅದು ಬರೀ ಸ್ಮಾರಕ, ಒಳಗೇನೂ ಇಲ್ಲ ಎಂದೇ ಬಹುಕಾಲ ಭಾವಿಸಲಾಗಿತ್ತು. 2008ರಲ್ಲಿ ಪುರಾತತ್ವಜ್ಞ ಹರಾಲ್ಡ್ ಮೆಲ್ಲರ್ ಅವರ ತಂಡ ಅದನ್ನು ತೆರೆದಾಗ ಸುಮಾರು 70 ಸೆಂ.ಮೀ. ಉದ್ದದ ಸೀಸದ ಪೆಟ್ಟಿಗೆ ಕಂಡಿತು. ಅದರಲ್ಲಿರುವುದು ಎಡಿತ್‌ಳ ಅವಶೇಷ ಎಂದು ಸಾರುವ, 1510ರ ಲ್ಯಾಟಿನ್ ಬರಹ ಪೆಟ್ಟಿಗೆಯ ಮೇಲಿತ್ತು. ಒಳಗೆ ರೇಷ್ಮೆ ಸುತ್ತಿದ ಎಲುಬುಗಳಿದ್ದವು.

ಎಡಿತ್ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಮೊಮ್ಮಗಳು. ಜರ್ಮನ್ ರಾಜಕುಮಾರ ಒಟ್ಟೋನಿಗೆ ಸಂಬಂಧ ಕೇಳಿ ಬಂದಾಗ ಅವಳ ಮಲಅಣ್ಣ ಅಥೆಲ್‌ಸ್ಟನ್ ಇಬ್ಬರು ತಂಗಿಯರನ್ನು ಕಳುಹಿಸಿದ. ಒಟ್ಟೋ ಒಪ್ಪಿದ್ದು ಎಡಿತ್‌ಳನ್ನು. ಮದುವೆಯ ಉಡುಗೊರೆಯಾಗಿ ಅವಳಿಗೆ ಸಿಕ್ಕಿದ್ದೇ ಮಾಗ್ಡೆಬುರ್ಗ್. 946ರಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತೈದರ ಆಸುಪಾಸು.

ಆದರೆ ಸತ್ತು ಐದೂವರೆ ಶತಮಾನ ಕಳೆದ ಮೇಲೆ ಬರೆದದ್ದನ್ನು ನಂಬುವುದು ಹೇಗೆ? ಎಲುಬುಗಳು ಹಲವು ಸಲ ಜಾಗ ಬದಲಿಸಿದ್ದವು. ಮೈಂಟ್ಸ್‌ನ ತಜ್ಞರು ಪರೀಕ್ಷಿಸಿ, ಅವು ಒಬ್ಬಳೇ ಹೆಂಗಸಿನವು, ವಯಸ್ಸು 30ರಿಂದ 40 ಎಂದರು. ತೊಡೆಯ ಮೂಳೆ ಕುದುರೆ ಸವಾರಿಯ ರೂಢಿಯನ್ನು ಸೂಚಿಸುತ್ತಿತ್ತು. ಮೀನು ಧಾರಾಳವಾಗಿ ತಿಂದ ಗುರುತೂ ಇತ್ತು. ಅರಮನೆಯ ಹೆಣ್ಣು ಎನ್ನಲು ಇಷ್ಟು ಸಾಕು. ಎಡಿತ್‌ಳೇ ಎನ್ನಲು ಸಾಲದು.

ಗಂಟು ಬಿಡಿಸಿದ್ದು ಹಲ್ಲು. ಬಾಲ್ಯದಲ್ಲಿ ಕುಡಿದ ನೀರು, ತಿಂದ ಅನ್ನದ ಸ್ಟ್ರಾನ್ಷಿಯಂ ಮತ್ತು ಆಕ್ಸಿಜನ್ ಐಸೋಟೋಪ್‌ಗಳು ಹಲ್ಲಿನ ಎನಾಮೆಲ್‌ನಲ್ಲಿ ಪದರಪದರವಾಗಿ ಉಳಿಯುತ್ತವೆ. ಬ್ರಿಸ್ಟಲ್ ವಿಶ್ವವಿದ್ಯಾಲಯ ಅವನ್ನು ಅಳೆದಾಗ ಹೊಂದಿಕೆಯಾದದ್ದು ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ನೆಲ. ಒಂಬತ್ತರವರೆಗೆ ಊರೂರು ಸುತ್ತಾಟ, ಆಮೇಲೆ ಒಂದೇ ಕಡೆ ವಾಸ. ತಂದೆ ಎಡ್ವರ್ಡ್ ತಾಯಿಯನ್ನು ತೊರೆದ ಕಾಲ ಇದಕ್ಕೆ ಹೊಂದುತ್ತದೆ. ತಾಯಿಯ ಜೊತೆ ಮಗಳೂ ಮಠ ಸೇರಿದ್ದಿರಬೇಕೆಂದು ಸಂಶೋಧಕರು ಊಹಿಸಿದರು. ಹಲ್ಲೊಂದೇ ಹೆಸರು ಹೇಳಲಾರದು. ಸಮಾಧಿ, ಬರಹ, ವಯಸ್ಸು, ತವರು ಎಲ್ಲವೂ ಒಬ್ಬಳತ್ತಲೇ ಬೆರಳು ತೋರಿದ್ದರಿಂದ 2010ರಲ್ಲಿ ಗುರುತನ್ನು ಪ್ರಕಟಿಸಲಾಯಿತು.

ಎಡಿತ್‌ಳ ವಂಶದ ಕಥೆಯೂ ನೇರವಾಗಿರಲಿಲ್ಲ. ಅವಳ ಮಗ ಲಿಯುಡೋಲ್ಫ್ 957ರಲ್ಲೇ ತೀರಿಕೊಂಡ. ಒಟ್ಟೋ 951ರಲ್ಲಿ ಮರುಮದುವೆಯಾದ ಅಡಲೈಡ್‌ಳ ಮಗನಿಗೆ ಸಿಂಹಾಸನ ಹೋಯಿತು. ಆ ಗಂಡುಸಾಲು 1002ರಲ್ಲಿ ಮುಗಿಯಿತು. 1024ರಲ್ಲಿ ಜರ್ಮನ್ ದೊರೆಯಾದ ಎರಡನೇ ಕೊನ್ರಾಡ್ ಎಡಿತ್‌ಳ ಮಗಳು ಲಿಯುಟ್‌ಗಾರ್ಡ್‌ಳ ಮರಿಮಗ.