ಅಟ್ಟದ ಡಬ್ಬದೊಳಗೆ ಇಡೀ ರಾತ್ರಿಯ ಆಟ!

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಹಳೇ ಮನೆಗಳ ಅಟ್ಟ ಹತ್ತಿ ನೋಡಿ. ಬಿಸ್ಕೂಟಿನ ತಗಡಿನ ಡಬ್ಬವೋ, ಚಪ್ಪಲಿ ಬಂದ ರಟ್ಟಿನ ಪೆಟ್ಟಿಗೆಯೋ ಒಂದು ಸಿಕ್ಕೀತು. ಬಿಚ್ಚಿದರೆ ಒಳಗೆ ಇಪ್ಪತ್ತು ಮೂವತ್ತು ಕ್ಯಾಸೆಟ್ಟು. ಕೆಲವಕ್ಕೆ ಅಂಗಡಿಯ ಬಣ್ಣದ ಕಾಗದ. ಇನ್ನು ಕೆಲವದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಗದಾಯುದ್ಧ - 2’ ಎಂದೋ, ‘ಕೃಷ್ಣಸಂಧಾನ, ತಾಳಮದ್ದಳೆ’ ಎಂದೋ ಗೀಚಿದ ಅಕ್ಷರ.

ಮನೆಯ ಮಕ್ಕಳಿಗೆ ಅದು ಕಸ. ಗುಜರಿಯವನಿಗೆ ಬರೀ ಪ್ಲಾಸ್ಟಿಕ್ಕು. ಆದರೆ ಸ್ವಾಮೀ, ಅಂಥ ಡಬ್ಬದೊಳಗೆ ಒಂದು ಇಡೀ ರಾತ್ರಿಯ ಆಟ ಇರಬಹುದು. ಆ ರಾತ್ರಿ ಆ ರಂಗಸ್ಥಳದಲ್ಲಿ ಆಡಿದ ಮಾತು ಲೋಕದಲ್ಲಿ ಬೇರೆಲ್ಲೂ ಇಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಹೇಗೆಂದು ಮುಂದೆ ಓದಿ.

ಕೊಂಡವ ಒಬ್ಬ, ಕೇಳಿದವರು ಕೇರಿಯಷ್ಟು

ಫಿಲಿಪ್ಸ್ ಕಂಪೆನಿಯವರು ಈ ಪುಟ್ಟ ಕ್ಯಾಸೆಟ್ಟನ್ನು ಹೊರಗೆ ತಂದದ್ದು 1963ರಲ್ಲಿ. ಅದಕ್ಕೂ ಮೊದಲು ಇದ್ದದ್ದು ಗ್ರಾಮಫೋನು ತಟ್ಟೆ. 78 ಸುತ್ತಿನ ತಟ್ಟೆಯಲ್ಲಿ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ನಮ್ಮವರ ಒಡ್ಡೋಲಗವೂ ಮುಗಿಯದು! ದೊಡ್ಡ ಎಲ್.ಪಿ. ತಟ್ಟೆ ಬಂದರೂ ಬದಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಅಷ್ಟೇ. ಅದನ್ನು ಮನೆಯಲ್ಲಿ ಕೂತು ತುಂಬಿಸಿಕೊಳ್ಳಲೂ ಬರುವುದಿಲ್ಲ.

ಕ್ಯಾಸೆಟ್ಟು ಹಾಗಲ್ಲ. ಅದು ಕೇಳುವುದಕ್ಕೂ ಆಯಿತು, ತುಂಬಿಸುವುದಕ್ಕೂ ಆಯಿತು. ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರ ಕೈಯಲ್ಲಿ, ಮುಂಬಯಿಯ ಹೋಟೆಲಿನಲ್ಲಿ ದುಡಿದವರ ಕೈಯಲ್ಲಿ ಟೂ-ಇನ್-ವನ್ ನಮ್ಮ ಊರಿಗೆ ಬಂತು. ಅದರ ಹಿಂದೆಯೇ ಯಕ್ಷಗಾನದ ಕ್ಯಾಸೆಟ್ಟಿನ ಸುಗ್ಗಿ.

ಹೊಸ ಕ್ಯಾಸೆಟ್ಟು ಕೊಂಡವನಿಗೆ ಆಗಿನ ಕಾಲದಲ್ಲಿ ಒಂದು ಗತ್ತು. ‘ಹ್ವಾಯ್, ಹೊಸ ಕ್ಯಾಸೆಟ್ ಬಂತಾ?’ ಎಂದು ಬಸ್‌ಸ್ಟ್ಯಾಂಡಿನಲ್ಲೇ ವಿಚಾರಣೆ. ‘ಒಂದ್ ದಿನಕ್ಕೆ ಕೊಡಿ ಮಾರಾಯ್ರೆ, ನಾಳೆ ತಂದ್ ಕೊಡ್ತೆ’ ಎಂಬ ಬೇಡಿಕೆ. ಕೊಂಡವ ಒಬ್ಬ, ಅವನ ಜಗಲಿಯಲ್ಲಿ ಕೂತು ಕೇಳುವವರು ಹತ್ತು ಮಂದಿ, ಎರಡು ಬಾಯಿಯ ಟೇಪ್ ರೆಕಾರ್ಡರು ಇದ್ದವರ ಮನೆಗೆ ಒಯ್ದು ನಕಲು ಮಾಡಿಕೊಳ್ಳುವವರು ಇನ್ನೆರಡು ಮಂದಿ. ಗೂಡಂಗಡಿಯಲ್ಲಿ ಕ್ಯಾಸೆಟ್ಟು ಹಾಕಿದರೆ ಚಾ ಕುಡಿಯಲು ಬಂದವ ಪದ್ಯ ಮುಗಿಯುವವರೆಗೆ ಏಳುತ್ತಿರಲಿಲ್ಲ. ಒಂದೊಂದು ಸಲ ಟೇಪು ಸಿಕ್ಕಿಕೊಂಡು ‘ಅಯ್ಯೋ, ತಿಂದಿತ್ ಕಾಣಿ!’ ಎಂಬ ಬೊಬ್ಬೆ. ಆಮೇಲೆ ಪೆನ್ಸಿಲು ತುರುಕಿ ತಿರುಗಿಸುವ ವೈದ್ಯ!

ನಾವಡರ ಸ್ವರ

ಈ ಸುಗ್ಗಿಯ ಹೊತ್ತಿಗೆ ಸರಿಯಾಗಿ ಸಿಕ್ಕಿದವರು ಗುಂಡ್ಮಿಯ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿದವರು. ನಾರ್ಣಪ್ಪ ಉಪ್ಪೂರರ ಶಿಷ್ಯ. ಸಾಲಿಗ್ರಾಮ ಮೇಳದ ಭಾಗವತಿಕೆಗೆ ಕೂತ ಮೇಲೆ ಡೇರೆ ತುಂಬಿತು. ‘ನಾಗಶ್ರೀ’ಯಂಥ ಹೊಸ ಪ್ರಸಂಗ ತಾವೇ ಬರೆದು ತಾವೇ ಹಾಡಿದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಸಾಯುವ ವಯಸ್ಸಲ್ಲ.

ಇವತ್ತು ಮೂವತ್ತೈದರ ಒಳಗಿನ ಯಾರೂ ನಾವಡರನ್ನು ರಂಗಸ್ಥಳದಲ್ಲಿ ಕಂಡವರಲ್ಲ. ಆದರೂ ಅವರ ಹೆಸರು ಹೇಳಿದರೆ ಕಾಲೇಜು ಹುಡುಗರ ಕಿವಿ ನೆಟ್ಟಗಾಗುತ್ತದೆ. ಕಾರಣ ಏನು? ಕ್ಯಾಸೆಟ್ಟು. ಅವರ ಸ್ವರವನ್ನು ಇಲ್ಲಿಯವರೆಗೆ ಹೊತ್ತು ತಂದವರಲ್ಲಿ ಕಂಪೆನಿಯವರಷ್ಟೇ ಪಾಲು ಕ್ಯಾಸೆಟ್ಟು ಕೊಂಡು, ಹಂಚಿ, ಕಾಪಾಡಿದ ನಮ್ಮ ಸಾಮಾನ್ಯ ಜನರದ್ದೂ ಉಂಟು.

ಇತ್ತ ಬೈಂದೂರು ಕಡೆ ಕಿರಿಮಂಜೇಶ್ವರದಲ್ಲಿ ನೆಲೆಸಿದ್ದ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಬಹುಕಾಲ ಹಾಡಿದವರು. 2024ರ ಏಪ್ರಿಲಿನಲ್ಲಿ ಅವರೂ ತೀರಿಕೊಂಡರು. ಅವರ ಕಾಲಕ್ಕೆ ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲು ಬಂತು. ಅವರ ಪದ್ಯ ಇವತ್ತು ಬೆರಳ ತುದಿಯಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನವರ ಪದ್ಯ ಎಷ್ಟೋ ಇನ್ನೂ ಡಬ್ಬದಲ್ಲೇ ಉಂಟು.

ಆರು ಕ್ಯಾಸೆಟ್ಟು, ಹನ್ನೊಂದು ಅಡ್ಡಿ

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಒಂದು ಬಗೆ. ಸ್ಟುಡಿಯೋದಲ್ಲಿ ಕೂತು, ಇಡೀ ಪ್ರಸಂಗವನ್ನು ಒಂದು ತಾಸಿಗೆ ಅರೆದು ಮಾಡಿದ್ದು. ಅದು ನಿಮ್ಮಲ್ಲಿ ಹಾಳಾದರೂ ನೆರೆಯವರಲ್ಲಿ ಸಿಕ್ಕೀತು. ಎಲ್ಲವೂ ಒಂದೇ ಅಚ್ಚು.

ಆಟದ ಗದ್ದೆಯಲ್ಲಿ ತುಂಬಿಸಿಕೊಂಡದ್ದು ಇನ್ನೊಂದು ಬಗೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಅಮೃತೇಶ್ವರಿ ಎಂದು ಮೇಳಗಳು ಊರೂರು ತಿರುಗುವಾಗ ಅಭಿಮಾನಿಗಳು ಟೇಪ್ ರೆಕಾರ್ಡರು ಹೊತ್ತು ಹಿಂದೆ ಹೋಗುತ್ತಿದ್ದರು. ರಂಗಸ್ಥಳದ ಬುಡದಲ್ಲಿ, ಇಲ್ಲವೇ ಧ್ವನಿವರ್ಧಕದ ಪೆಟ್ಟಿಗೆ ಪಕ್ಕದಲ್ಲಿ ಇಟ್ಟು ಬೆಳಗಿನವರೆಗೆ ಕಾವಲು.

ಲೆಕ್ಕ ಹಾಕಿ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮಂಗಳವಾದರೆ ಎಂಟೂವರೆ ತಾಸು, ಅಂದರೆ 510 ನಿಮಿಷ. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ಆರು ಬೇಕು. ಪ್ರತಿ 45 ನಿಮಿಷಕ್ಕೆ ಮಗುಚಬೇಕು, ಇಲ್ಲವೇ ಬದಲಿಸಬೇಕು. ಒಟ್ಟು ಹನ್ನೊಂದು ಸಲ ಅಡ್ಡಿ. ಮಗುಚುವಷ್ಟರಲ್ಲಿ ಪದ್ಯದ ಒಂದು ತುಂಡು ಹೋಯಿತೇ ಹೋಯಿತು. ಕೂತವ ತೂಕಡಿಸಿದನೋ, ಭೀಮನ ಗದೆ ಎತ್ತಿದಲ್ಲೇ ಬಾಕಿ!

ಪದ್ಯ ಪುಸ್ತಕದಲ್ಲುಂಟು, ಅರ್ಥ ಎಲ್ಲುಂಟು?

ಈಗ ಮುಖ್ಯ ವಿಷಯಕ್ಕೆ ಬರೋಣ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಪ್ರಸಂಗದ ಪುಸ್ತಕ ಕೊಂಡರೆ ಅದು ಸಿಗುತ್ತದೆ. ವೇಷಧಾರಿ ಆಡುವ ಅರ್ಥ ಯಾರೂ ಬರೆದದ್ದಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮಾತಿಗೆ, ಅಲ್ಲೇ ಹುಟ್ಟಿದ್ದು. ನಾಳೆ ಅದೇ ಪ್ರಸಂಗ ಆಡಿದರೂ ಅದೇ ಮಾತು ಬರುವುದಿಲ್ಲ.

ತಾಳಮದ್ದಳೆಯಲ್ಲಂತೂ ಕುಣಿತವಿಲ್ಲ, ವೇಷವಿಲ್ಲ. ಕೂತು ಮಾತಾಡುವುದೇ ಕೆಲಸ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918-2006) ಕೃಷ್ಣನೋ ಭೀಷ್ಮನೋ ಆಗಿ ಕೂತರೆ ಎದುರಿನವ ಬೆವರಬೇಕು. ಆ ವಾದ, ಆ ಮರುವಾದ ಎಲ್ಲಿ ಉಳಿಯಿತು? ಕೇಳಿದವರ ನೆನಪಿನಲ್ಲಿ. ಯಾರಾದರೂ ಟೇಪು ಮಾಡಿದ್ದರೆ ಆ ಟೇಪಿನಲ್ಲಿ. ನೆನಪು ಹೊತ್ತವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ.

ಇನ್ನೊಂದು ಮಾತು. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಆಟಗಳು ಕಾಲಮಿತಿಯವು. ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ನಿಧಾನದ ಒಡ್ಡೋಲಗ ಎಲ್ಲಕ್ಕೂ ಕತ್ತರಿ. ಕಾಲಮಿತಿ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಆದರೆ ಹಳೇ ಕ್ರಮದಲ್ಲಿ ಒಂದು ರಾತ್ರಿ ಹೇಗೆ ಏರುತ್ತಿತ್ತು, ಬೆಳಗಿನ ಜಾವಕ್ಕೆ ಭಾಗವತರ ಸ್ವರ ಎಲ್ಲಿಗೆ ಹೋಗುತ್ತಿತ್ತು ಎಂದು ಮುಂದಿನ ಹುಡುಗ ಕೇಳಿದರೆ ತೋರಿಸಲು ಆ ಆರು ಕ್ಯಾಸೆಟ್ಟು ಬೇಕು.

ನ್ಯೂಯಾರ್ಕಿನಲ್ಲೂ ಒಬ್ಬ ಇದ್ದ

ಇಂಥ ಹುಚ್ಚು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಪಾಶ್ಚಾತ್ಯರಲ್ಲಿ ಹಾಡಿನಲ್ಲೇ ಕಥೆ ನಡೆಸುವ ಆಟವೊಂದುಂಟು. ಅದಕ್ಕೆ ಒಪೆರಾ ಎನ್ನುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಲಯನೆಲ್ ಮೇಪಲ್‌ಸನ್ ಎಂಬ ಗ್ರಂಥಪಾಲಕ ಇದ್ದ. 1900ರ ಹೊತ್ತಿಗೆ ಎಡಿಸನ್ನನ ಫೋನೊಗ್ರಾಫ್ ಯಂತ್ರ ಕೊಂಡು, 1903ರವರೆಗೆ ಆಟ ನಡೆಯುತ್ತಿರುವಾಗಲೇ ಮೇಣದ ಕೊಳವೆಗಳ ಮೇಲೆ ಧ್ವನಿ ಹಿಡಿದ. ಮೊದಲು ವೇದಿಕೆಯ ಮುಂಭಾಗದಲ್ಲಿ ಮಾತು ನೆನಪಿಸುವವನು ಕೂರುವ ಗೂಡಿನಲ್ಲಿ, ಆಮೇಲೆ ವೇದಿಕೆಯ ಮೇಲಿನ ಅಟ್ಟದಲ್ಲಿ ಯಂತ್ರ ಇಟ್ಟು! ಒಂದು ಕೊಳವೆಗೆ ಎರಡು ನಿಮಿಷದ ಆಸುಪಾಸು. ಗರಗರ ಸದ್ದೇ ಹೆಚ್ಚು, ಸ್ವರ ದೂರ.

ಆದರೆ ಝಾನ್ ದ ರೆಸ್ಕೆ ಎಂಬ ಆ ಕಾಲದ ಮಹಾ ಗಾಯಕನ ಸ್ವರ ಇವತ್ತು ಕೇಳಬೇಕಾದರೆ ಆ ಗರಗರ ಕೊಳವೆಗೇ ಶರಣಾಗಬೇಕು. 2002ರಲ್ಲಿ ಅಮೆರಿಕದವರು ಕಾಪಾಡಲೇಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿ ಶುರು ಮಾಡಿದಾಗ ಮೊದಲ ವರ್ಷವೇ ಈ ಕೊಳವೆಗಳನ್ನು ಸೇರಿಸಿದರು. ನಿಮ್ಮ ಡಬ್ಬದ ಕ್ಯಾಸೆಟ್ಟಿನಲ್ಲಿ ನಡುನಡುವೆ ಮಗು ಅಳುವ ಸದ್ದು, ಕಡಲೆ ಮಾರುವವನ ಕೂಗು ಇದ್ದರೆ ಬೇಸರ ಬೇಡ. ಅದಕ್ಕೆ ಬೆಲೆ ಕಡಿಮೆಯಾಗುವುದಿಲ್ಲ.

ಕಲಾವಿದನ ಹೊಟ್ಟೆಯ ಪ್ರಶ್ನೆ

ಹಂಚಿಕೊಳ್ಳುವುದು ಒಳ್ಳೆಯದು. ಆದರೆ ಹಂಚುವುದಕ್ಕೂ ಮಾರುವುದಕ್ಕೂ ವ್ಯತ್ಯಾಸ ಉಂಟು. ರಾತ್ರಿಯಿಡೀ ಕುಣಿದವನಿಗೆ ಸಿಕ್ಕಿದ್ದು ಮೇಳದ ಸಂಬಳ ಮಾತ್ರ. ಅವನ ಸ್ವರವನ್ನು ನಕಲು ಮಾಡಿ ಇನ್ನೊಬ್ಬ ಹಣ ಎಣಿಸಿದರೆ ಅದು ನ್ಯಾಯವೇ?

ಕಾನೂನು ಇಲ್ಲಿ ತಡವಾಗಿ ಎಚ್ಚೆತ್ತಿತು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡುವವ, ಕುಣಿಯುವವನಿಗೆ ಪ್ರದರ್ಶಕ ಎಂಬ ನೆಲೆಯಲ್ಲಿ ಹಕ್ಕು ಇರಲಿಲ್ಲ. 1994ರ ತಿದ್ದುಪಡಿಯಲ್ಲಿ ಅದು ಬಂತು, ಮೊದಲು 25 ವರ್ಷಕ್ಕೆ. 1999ರಲ್ಲಿ ಅದನ್ನು 50 ವರ್ಷಕ್ಕೆ ಏರಿಸಿದರು. ಸ್ವಂತ ಬಳಕೆಗೆ, ಪ್ರಾಮಾಣಿಕವಾದ ಪಾಠ ಮತ್ತು ಸಂಶೋಧನೆಗೆ ಧ್ವನಿಮುದ್ರಣ ಮಾಡಿಕೊಂಡರೆ 39ನೇ ಕಲಮಿನಲ್ಲಿ ವಿನಾಯಿತಿ ಉಂಟು. ಮಾರುವುದಕ್ಕೆ, ಜಾಹೀರಾತು ಹಾಕಿ ಯೂಟ್ಯೂಬಿಗೆ ಏರಿಸುವುದಕ್ಕೆ ಆ ವಿನಾಯಿತಿ ಹೊಂದುವುದಿಲ್ಲ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿಯೇ ಮಾಡಿ. ಕೇಳಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ವಾಟ್ಸಾಪಿನಲ್ಲಿ ಬರುವ ತುಂಡುಗಳದ್ದು ಬೇರೆಯೇ ಕಥೆ. ಎರಡು ನಿಮಿಷದ ಪದ್ಯ. ಊರಿಲ್ಲ, ದಿನವಿಲ್ಲ, ಮದ್ದಳೆ ಯಾರದ್ದು, ಚೆಂಡೆ ಯಾರದ್ದು ತಿಳಿಯದು. ಹೆಸರಿಲ್ಲದೆ ಹಂಚಿದರೆ ಸ್ವರ ಉಳಿದೀತು, ಕಲಾವಿದ ಉಳಿಯುವುದಿಲ್ಲ.

ಏನು ಮಾಡಬಹುದು?

ಡಬ್ಬ ಸಿಕ್ಕಿದ ಕೂಡಲೇ ಯಂತ್ರಕ್ಕೆ ಹಾಕಬೇಡಿ. ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆ ಇಡಿ. ಯಂತ್ರಕ್ಕೆ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಂಥದ್ದನ್ನು ತಿಳಿದವರ ಕೈಗೇ ಕೊಡಿ.

ಚೆನ್ನಾಗಿರುವ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ. ಆಮೇಲೆ ಯಾರೂ ತಪ್ಪಿ ಅದರ ಮೇಲೆ ಬೇರೆ ತುಂಬಿಸಲಾಗದು. ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಅನಂತರ ಕೇಳಿ. ಒಳಗಿನ ಒತ್ತುಬಟ್ಟೆ ಬಿದ್ದುಹೋಗಿದ್ದರೆ ಸುರುಳಿಯನ್ನು ಬೇರೆ ಚಿಪ್ಪಿಗೆ ಹಾಕಬಹುದು. ರೇಡಿಯೋ ರಿಪೇರಿಯ ಹಳಬರಿಗೆ ಅದು ಕಷ್ಟದ ಕೆಲಸವಲ್ಲ.

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ತಂತಿ ಹಾಕಿದರೆ ತುಂಬಿಸಿಕೊಳ್ಳಲು ಸಾಧ್ಯ. ಹಿಂಡದೆ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂ.ಬಿ.; ಇಡೀ ರಾತ್ರಿಯ ಆಟಕ್ಕೆ ಸುಮಾರು 5 ಜಿ.ಬಿ. ಈಗಿನ ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ ಇರಲಿ.

ಎಲ್ಲಕ್ಕಿಂತ ಮುಖ್ಯ, ಹೆಸರು ಬರೆಯಿರಿ. ಪ್ರಸಂಗ, ಮೇಳ, ಊರು, ದಿನ, ಭಾಗವತರು, ಮದ್ದಳೆ, ಚೆಂಡೆ, ವೇಷಧಾರಿಗಳು. ದಿನ ಗೊತ್ತಿಲ್ಲದಿದ್ದರೆ ಸೂಚನೆ ಹುಡುಕಿ. ನಾವಡರು ಹಾಡಿದ್ದರೆ 1990ರ ಮೇ ತಿಂಗಳಿನ ಒಳಗಿನದ್ದು. ಕುಂದಾಪುರ, ದ.ಕ. ಎಂದು ಬರೆದಿದ್ದರೆ ಬಹುಶಃ ಉಡುಪಿ ಜಿಲ್ಲೆ ಆದ 1997ರ ಆಗಸ್ಟಿಗೂ ಹಿಂದಿನದ್ದು. ಸ್ವರ ಗುರುತಿಸುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವತ್ತೇ ಕೇಳಿಸಿ. ಟೇಪು ಸರಿಯಾಗಿದ್ದು, ಗುರುತಿಸುವವರು ಇಲ್ಲದೆ ಹೋದರೆ ಅರ್ಧ ನಷ್ಟವಾದ ಹಾಗೆಯೇ.

ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಎಂಬುದುಂಟು. ಧ್ವನಿ ಮತ್ತು ಚಿತ್ರ ಮುದ್ರಣಗಳನ್ನು ಕೂಡಿಸಿದ ಸಂಸ್ಥೆ. ಅಂಥಲ್ಲಿ ವಿಚಾರಿಸಬಹುದು. ಊರಿನ ಯಕ್ಷಗಾನ ಸಂಘದವರು ವರ್ಷಕ್ಕೊಂದು ದಿನ ಇಟ್ಟು, ಮನೆಮನೆಯ ಕ್ಯಾಸೆಟ್ಟು ತರಿಸಿ, ನಕಲು ಮಾಡಿ ಹಿಂದೆ ಕೊಟ್ಟರೆ ಖರ್ಚು ಹೆಚ್ಚೇನಿಲ್ಲ. ಒಂದು ಸನ್ಮಾನದ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಆಗುವ ದುಡ್ಡಿನಲ್ಲಿ ಎಷ್ಟೋ ರಾತ್ರಿಯ ಆಟ ಉಳಿದೀತು.

ಇಂಥ ಬರಹದ ಕೊನೆಗೆ ‘ಸಂಬಂಧಪಟ್ಟವರು ಗಮನಿಸುವರೇ?’ ಎಂದು ಬರೆಯುವುದು ಪತ್ರಿಕೆಯವರ ರೂಢಿ. ಇಲ್ಲಿ ಸಂಬಂಧಪಟ್ಟವರು ಸರಕಾರದವರಲ್ಲ, ಪುರಸಭೆಯವರೂ ಅಲ್ಲ. ಮನೆಯಲ್ಲಿ ಅಟ್ಟ ಇದ್ದವರು. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಉಂಟು. ಒಂದು ಆಷಾಢ ಕಳೆಯುವುದರೊಳಗೆ ಚರ್ಮದ ಚೀಲಕ್ಕೂ ಬೂಷ್ಟು. ಬರುವ ಮಳೆಗಾಲದ ಒಳಗೆ ಡಬ್ಬ ಕೆಳಗಿಳಿಸಿ.