ಓಡಿದಷ್ಟೂ ದಮ್ಮು ಹೆಚ್ಚುವುದು ಹೇಗೆ?

ಪ್ರಶ್ನೆ: ದೀಪಾವಳಿಯ ಹೋರಿ ಬೆದರಿಸುವ ಹಬ್ಬಕ್ಕೆಂದು ಓಟ ಶುರು ಮಾಡಿದಾಗ ಒಂದು ಫರ್ಲಾಂಗಿಗೇ ಏದುಸಿರು. ಎರಡು ತಿಂಗಳಲ್ಲಿ ಅದೇ ದಾರಿ ಸಲೀಸು. ಮೈಯೊಳಗೆ ಬದಲಾಗುವುದೇನು? (ಓದುಗರು, ಹಾನಗಲ್ಲ)

ಶ್ವಾಸಕೋಶ ಬಲಿಯಿತು ಎಂದೇ ಎಲ್ಲರ ನಂಬಿಕೆ. ಅದು ಬದಲಾಗುವುದು ತೀರಾ ಕಡಿಮೆ. ಬದಲಾಗುವುದು ಹೃದಯ ಮತ್ತು ಕಾಲಿನ ಸ್ನಾಯು.

1920ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಎ. ವಿ. ಹಿಲ್ ಓಟಗಾರನ ಬೆನ್ನಿಗೆ ದೊಡ್ಡ ಚೀಲ ಕಟ್ಟಿ, ಅವನು ಬಿಟ್ಟ ಉಸಿರನ್ನು ಅದರಲ್ಲಿ ಹಿಡಿದು ಅಳೆದರು. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಏರಿ, ಒಂದು ಮಿತಿಗೆ ಬಂದು ನಿಲ್ಲುತ್ತದೆಂದು ಅವರು ತೋರಿಸಿದರು. ಅಭ್ಯಾಸವಾದಂತೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಆ ಮಿತಿಯೂ ಮೇಲೇರುತ್ತದೆ.

ನನಗೆ ಹೆಚ್ಚು ಬೆರಗೆನಿಸುವುದು 1967ರ ಶೋಧ. ಅಮೆರಿಕದ ವಿಜ್ಞಾನಿ ಜಾನ್ ಹಾಲೊಸಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವನ್ನು ಪರೀಕ್ಷಿಸಿದರು. ಜೀವಕೋಶದಲ್ಲಿ ಆಮ್ಲಜನಕ ಬಳಸಿ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು! ಮದುವೆ ಮನೆಯಲ್ಲಿ ಒಂದೇ ಒಲೆಯಿದ್ದರೆ ಕಟ್ಟಿಗೆ ತುರುಕಿ ತುರುಕಿ ಉರಿಸಬೇಕು, ಬರೀ ಹೊಗೆ. ನಾಲ್ಕು ಒಲೆ ಹೂಡಿದರೆ ಎಲ್ಲದರಲ್ಲೂ ಹದವಾದ ಉರಿ. ಪಳಗಿದ ಸ್ನಾಯುವೂ ಅಷ್ಟೇ: ಅದೇ ವೇಗಕ್ಕೆ ಕೊಬ್ಬನ್ನು ಹೆಚ್ಚು ಉರಿಸಿ, ಸಕ್ಕರೆಯ ದಾಸ್ತಾನು ಉಳಿಸಿಕೊಳ್ಳುತ್ತದೆ. ಸಕ್ಕರೆ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಕಡಿಮೆ, ಏದುಸಿರೂ ಕಡಿಮೆ.

ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯ ಹುಡುಗರಿಗೆಲ್ಲ ಒಂದು ಮಾತು: ಓಟ ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಇಳಿಯುತ್ತದೆ. ದೀಪಾವಳಿ ಮುಗಿದ ಮೇಲೂ ವಾರಕ್ಕೆ ಮೂರು ದಿನವಾದರೂ ಓಡಿ.